ಎರಿ ಹೊಲದಾಗ ಎರಡು ನಾಯಿ, ಒಂದು ತಾಡಪತ್ರಿ

ನಂಬಬ್ಯಾಡ್ರಿ. ರೋಣದಾಗ ನನ್ನ ಮಾತು ನಂಬಿ ಉದ್ಧಾರ ಆದವ್ರು ಯಾರೂ ಇಲ್ಲ. ಆದ್ರ ಕಡೀತನಕ ಓದಿ, ಇದ್ರಾಗ ಸುಳ್ಳು ಯಾವ್ದಂತ ಹಿಡದು ತೋರಸ್ರಿ ನೋಡೋಣು. ಒಂದ ಒಂದು ಸುಳ್ಳು ಐತಿ. ಉಳಿದದ್ದಕ್ಕ ನನ್ನ ಮೂಗ ಸಾಕ್ಷಿ. ಆ ನಾತ ಇನ್ನೂ ಅದ್ರಾಗ ಮನಿ ಮಾಡ್ಕೊಂಡು ಕುಂತೈತಿ.

ನಮ್ಮ ಮನ್ಯಾಗ ಒಂದು ಕೆಂಪ ನಾಯಿ ಐತಿ. ಜಾತಿ ಗೀತಿ ಕೇಳಬ್ಯಾಡ್ರಿ, ಸಂತಿಯಿಂದ ನನ್ನ ಬೆನ್ನಹತ್ತಿ ಬಂದದ್ದು. ನಮ್ಮಾಕಿಗೆ ಅದನ್ನ ಕಂಡ್ರ ಆಗಂಗಿಲ್ಲ. ಯಾಕಂದ್ರ ಸತ್ತ ಹೆಗ್ಗಣ ತಂದು ಆಕಿ ಹಾಕಿದ ರಂಗೋಲಿ ನಟ್ಟನಡುವ ಇಟ್ಟು, ಬಹುಮಾನ ಕೊಟ್ಟಂಗ ಬಾಲ ಅಳ್ಳಾಡಸ್ತೈತಿ. ಮಳಿ ಬಂದ್ರ ಪಡಸಾಲ್ಯಾಗ ಮಲಗಾಕ ನೋಡ್ತೈತಿ, ಆಕಿ ಕಸಬರಗಿ ತಗೋತಾಳ. "ಇದನ್ನ ಲಕ್ಕಲಕಟ್ಟಿಗೆ ನಮ್ಮ ಅಣ್ಣನ ಹೊಲಕ್ಕ ಕಳಸ್ತೀನಿ" ಅನ್ನೂದು ಆಕೀದು ದಿನದ ಮಾತು.

ಅಂಥಾದ್ರಾಗ ಹುಬ್ಬಳ್ಳ್ಯಾಗಿರೋ ಮಗಳು ತನ್ನ ಬಿಳಿ ನಾಯಿ ತಂದು ಬಿಟ್ಟು ಯಾರದೋ ಮದವಿಗೆ ಹೋದ್ಲು. ಹಿಂಜಿದ ಅರಳಿಯಂಥಾ ಕೂದಲ, ಅದಕ್ಕ ಬ್ಯಾರೆ ಶಾಂಪೂ, ಬ್ಯಾರೆ ಹಣಗಿ. ಹೋದಾಕಿ ಸುಮ್ಮನ ಇರಬೇಕಿಲ್ಲ? ಮೊಬೈಲಿಗೆ ಒಂದು ವಿಡಿಯೋ ಕಳಿಸಿದ್ಲು. ಯಾರೋ ಮಂದಿ ಗುಡ್ಡದ ಮ್ಯಾಲೆ ಡೇರೆ ಹೊಡದು ನಾಯಿ ತಬ್ಬಿಕೊಂಡು ಮಲಗ್ಯಾರ. ಕೆಳಗ ಬರದಿದ್ಲು, "ಅಪ್ಪಾ, ಇದು ನಿನ್ನ ಕೈಲೆ ಆಗಂಗಿಲ್ಲ ಬಿಡು."

ನನ್ನ ಕೈಲೆ ಆಗಂಗಿಲ್ಲ! ನರಗುಂದ ಗುಡ್ಡ ಒಂದ ಉಸಿರಿಗೆ ಏರಿದಾಂವ ನಾನು.

"ಎರಡೂ ನಾಯಿ ತಗೊಂಡು ಗಜೇಂದ್ರಗಡದ ಗುಡ್ಡದ ಕಡೆ ಒಂದು ರಾತ್ರಿ ಇದ್ದು ಬರ್ತೀನಿ" ಅಂದೆ.

ನಮ್ಮಾಕಿ ರೊಟ್ಟಿ ಬಡಿಯೋ ಕೈ ನಿಲ್ಲಿಸಲಿಲ್ಲ. "ಹೋಗ್ರಿ. ಆದ್ರ ಕೇಳ್ಕೊಂಡು ಹೋಗ್ರಿ. ನಿಮ್ಮ ಕೆಂಪಂದು ಮರ್ಯಾದಿಲೆ ಇದ್ದು ಬಂತಂದ್ರ ಪಡಸಾಲ್ಯಾಗ ಮಲಗಲಿ, ನಾ ಬಾಯಿ ತಗ್ಯಂಗಿಲ್ಲ. ಹೇಸಿಗಿ ಮಾಡಿ ಬಂತೋ, ಮರುದಿನಾನ ಲಕ್ಕಲಕಟ್ಟಿ."

ಆಕಿ ತಮಾಷಿ ಮಾಡಾಕಿ ಅಲ್ಲ. ಮನ್ಯಾಗ ಆ ಕೆಲಸಕ್ಕ ನಾ ಒಬ್ಬನ ಸಾಕು. ನಾಯಿ ಮಾರಿ ನೋಡಿದೆ. ಅದು ಆರಾಮ ಉಣ್ಣಿ ಕಡಕೋತ ಕುಂತಿತ್ತು.

ಗಜೇಂದ್ರಗಡ ಪ್ಯಾಟ್ಯಾಗ ತಾಡಪತ್ರಿ ಹೊಲಿಯೋ ದೋಸ್ತ ಒಬ್ಬ ಅದಾನ. ನಮಾಜಿ ಮನಷ್ಯಾ, ನಾಯಿ ಜೊಲ್ಲು ತಾಗಿದ್ರ ಅರಬಿ ತೊಳಿಯಾಂವ. ಅದಕ್ಕ ಅಂವನ್ನ ಕರದೆ, ಕಾಡಸಾಕ ಯಾರಾರ ಬೇಕಲ್ಲ? ನಾಯಿ ವಿಷಯ ಹೇಳಲಿಲ್ಲ. ಸಂಜಿ ಮುಂದ ತನ್ನ ಮೂರುಗಾಲಿ ಟಂಟಂ ತಗೊಂಡು ಮನಿ ಮುಂದ ಬಂದಾಂವ, ನಾಯಿ ನೋಡಿ ಹೌಹಾರಿದ.

"ಇವು ಎಲ್ಲಿಗೆ ಹೊಂಟಾವಲೇ?"

"ನಿನ್ನ ಸಂಗಾಟ. ಬಿಳಿದು ಮುಂದ ಕುಂದರತೈತಂತ, ಗಾಳಿ ಬೇಕಂತ ಅದಕ್ಕ."

ಬಿಳಿದು ಗಾಳಿ ತಗೊಂತ ಹೋಗಿ, ಗಜೇಂದ್ರಗಡ ಇನ್ನೂ ದೂರ ಇರೋವಾಗ ಹೊಂಡೂ ಮುಂದ ತಿಂದ ಹಾಲು ಅನ್ನ ಎಲ್ಲಾ ದೋಸ್ತನ ತೊಡಿ ಮ್ಯಾಲೆ ಕಾರಿತು. ಬಿಸಿಬಿಸಿ. ಅಂವ ಟಂಟಂ ನಿಲ್ಲಿಸಿ, ಎರಡೂ ಕೈ ಮ್ಯಾಲೆತ್ತಿ, "ತೋಬಾ ತೋಬಾ" ಅನಕೋತ ಕುಂತ. ನಾ ನಕ್ಕೆ. ನಕ್ಕದ್ದು ತಪ್ಪಾತು. ಅಷ್ಟ್ರಾಗ ಬಿಳಿದು ಕಾರಿದ್ದನ್ನ ತಾನ ಮತ್ತ ತಿನ್ನಾಕ ಹತ್ತಿತು. ಥೂ! ನಾ ಮಾರಿ ಆಕಡೆ ಮಾಡಿದೆ.

ಕರೆಂಟ್ ಮಾಡೋ ಗಾಳಿ ಫ್ಯಾನ್ ತಿರಗೋ ಗುಡ್ಡದ ಬುಡಕ ಹೊಲ ಅದಾವ. ಮ್ಯಾಲೆ ಹೋಗೋಣು ಅಂದ ದೋಸ್ತ. ಮ್ಯಾಲೆ ಎಲ್ಲಾ ಕಲ್ಲು. ನಾ ಕೆಳಗ ಒಂದು ಎರಿ ಹೊಲ ನೋಡಿದೆ, ಕರೇ ಮಣ್ಣು. ಹೊಸದಾಗಿ ಕುಂಟಿ ಹೊಡದಿದ್ರು, ಕಾಲಿಟ್ರ ಗಾದಿ ಇದ್ದಂಗ ಮೆತ್ತಗ.

"ಮಣ್ಣ ನೋಡಿ ಜಾಗಾ ಆರಿಸಾಕ ನನ್ನಂಥಾ ಮನಷ್ಯಾ ಬೇಕಲೇ. ನೀ ಹೊಲಿಗಿ ಹಾಕಾಂವ, ನಿನಗೇನ ತಿಳಿತೈತಿ?" ಅಂದೆ.

ಈಗ ನಮ್ಮ ಮೂಗಿನ ವಿಷಯ ಹೇಳಬೇಕು. ನನ್ನ ಮೂಗಿನ ತುಂಬ ನಶ್ಯ. ದೋಸ್ತನ ಕಿವ್ಯಾಗ ಯಾವಾಗ್ಲೂ ಅತ್ತರಿನ ಅರಳಿ. ನನಗ ನಶ್ಯ ಬಿಟ್ಟು ಬ್ಯಾರೆ ವಾಸನಿ ಇಲ್ಲ, ಅಂವಗ ಅತ್ತರ ಬಿಟ್ಟು ಬ್ಯಾರೆ ಇಲ್ಲ. ಡೇರೆ ಅಂತ ದೋಸ್ತ ತಂದಿದ್ದ ತಾಡಪತ್ರಿ ಕಟ್ಟಿದ್ವಿ. ನೆಲಕ್ಕ ಹಾಸಾಕ ಏನೂ ತಂದಿರಲಿಲ್ಲ, ಗಾದಿ ಮ್ಯಾಲೆ ಮತ್ತ ಗಾದಿ ಯಾಕಂತ ನಾನ ಬ್ಯಾಡ ಅಂದಿದ್ದೆ. ಬಿಳಿದು ಒಳಗ ಬಂದು ಉಳ್ಳಾಡಿತು. ಕೆಂಪ ನಾಯಿ ಮಾತ್ರ ಬರಲಿಲ್ಲ. ದೂರ ಬದುವಿನ ಕಲ್ಲಿನ ಮ್ಯಾಲೆ ಏರಿ, ನಮಗ ಬೆನ್ನ ಮಾಡಿ ಕುಂತಿತು, ಶ್ಯಾಣ್ಯಾ ಹಿರೇರು ಕುಂತಂಗ.

ರೊಟ್ಟಿ, ಶೇಂಗಾ ಹಿಂಡಿ, ಮಸರ ಬಿಚ್ಚಿ ಕುಂತ್ವಿ. ಅಷ್ಟೊತ್ತಿಗೆ ಮಳಿ ಬಂತು. ಭಾಳ ಏನ ಅಲ್ಲ, ಒಂದು ಸಣ್ಣ ಮಳಿ. ಆದ್ರ ಎರಿ ಮಣ್ಣ ಬಾಯಿ ತಗೀತು.

ಏನ ಹೇಳ್ಲಿ ಆ ನಾತ! ನಶ್ಯ ಸೋತಿತು, ಅತ್ತರ ಸೋತಿತು. ಉಚ್ಚಿ, ಹಿಕ್ಕಿ, ತೊಯ್ದ ಕಂಬಳಿ ಎಲ್ಲಾ ಕಲಸಿ ಕುದಿಸಿದಂಥಾ ಗಬ್ಬು. ಕುಂತ ನೆಲ ರಾಡಿ ಆಗಿ ಧೋತರದಾಗ ಏರಾಕ ಹತ್ತಿತು. ದೋಸ್ತ ಬ್ಯಾಟರಿ ಬಿಟ್ಟು ನೋಡಿದ. ರಾಡಿ ತುಂಬ ಕರೇ ಗೋಲಿ ಗೋಲಿ. ಬಿಳಿ ನಾಯಿ ಆಗಲೇ ಬಿಳಿ ಉಳಿದಿರಲಿಲ್ಲ.

ಕೆಂಪ ನಾಯಿ ಇನ್ನೂ ಕಲ್ಲಿನ ಮ್ಯಾಲೆ ಮಳ್ಯಾಗ ತೊಯ್ಕೋತ ಕುಂತಿತ್ತು. ನನ್ನ ನಾಯಿ ನನ್ನ ಮಾತು ಕೇಳಂಗಿಲ್ಲಂತ ದೋಸ್ತ ನಗ್ತಾನಲ್ಲ ಅಂತ ಸಿಟ್ಟು ಬಂತು. ಹೋಗಿ ಕೊಳ್ಳಪಟ್ಟಿ ಹಿಡದು ದರದರ ಎಳಕೊಂಡು ಬಂದು ಒಳಗ ಕೆಡವಿದೆ. ಎರಡೂ ಒಮ್ಮೆಲೆ ಮೈ ಝಾಡಿಸಿದ್ವು. ತಾಡಪತ್ರಿಗೆ, ರೊಟ್ಟಿಗೆ, ಮಸರಿಗೆ. ನಾ "ಏಯ್" ಅನ್ನಾಕ ಬಾಯಿ ತಗದಿದ್ದೆ. ಬಾಯಾಗ ಏನ ಬಂತು ಅನ್ನೂದನ್ನ ನೀವ ತಿಳಕೋರಿ. ಬಿಳಿದು ಕಾರಿದ್ದು ತಿಂದ ಅದ ನಾಲಿಗಿಲೆ ದೋಸ್ತನ ಗಡ್ಡ ನೆಕ್ಕಿ ಸಮಾಧಾನ ಮಾಡ್ತು. ಅಂವ ಟಂಟಂದಾಗ ಹೋಗಿ ಕುಂತಾಂವ ಬೆಳಕ ಹರಿಯೂತನಕ ಕೆಳಗ ಇಳೀಲಿಲ್ಲ.

ಮುಂಜಾನೆ ಹೊಲದ ಮಾಲಕ ಬಂದ. ನಮ್ಮನ್ನ ನೋಡಿ ಸೊಂಟದ ಮ್ಯಾಲೆ ಕೈ ಇಟ್ಟು ನಿಂತ.

"ಅಜ್ಜಾರ, ಗೊಬ್ಬರಕ್ಕಂತ ವಾರಗಟ್ಟಲೆ ಇಲ್ಲಿ ಕುರಿ ಹಿಂಡು ಮಲಗಿಸಿ, ನಿನ್ನೆ ಅದರ ಮ್ಯಾಲೆ ಕುಂಟಿ ಹೊಡಸೀನ್ರಿ. ಕುರಿಯವ್ರಿಗೆ ಜ್ವಾಳಾ ಕೊಟ್ಟೀನಿ. ನೀವೂ ಮಲಗೀರಿ, ನಿಮಗೂ ಅಳೀಬೇಕೇನ್ರಿ?"

"ಹಳೇ ಗೊಬ್ಬರ ಐತಪ್ಪಾ ನಮ್ಮದು, ರೇಟ್ ಜಾಸ್ತಿ" ಅಂದೆ. ಹೇಳಾಕ ಹೇಳಿದೆ, ಬಾಯಿ ಮಾತ್ರ ಇನ್ನೂ ಉಗಳ್ತಿತ್ತು.

ದಾರ್ಯಾಗ ದನ ನೀರು ಕುಡಿಯೋ ತೊಟ್ಟಿ ಹಂತ್ಯಾಕ ನಾಯಿ ತೊಳದೆ. ಎರಿ ರಾಡಿ, ತೊಳದಷ್ಟೂ ಜಿಗಿ. ಕಡೀಕ ದೋಸ್ತನ ಅತ್ತರ ಸೀಸೆ ಹಾರಿಸಿ ಎರಡಕ್ಕೂ ಸುರುವಿದೆ. ಕುರಿ ಉಚ್ಚಿ ಮ್ಯಾಲೆ ಗುಲಾಬಿ ಅತ್ತರ ಮೂಸೀರೇನು ಯಾವಾಗಾರ? ಮೂಸಬ್ಯಾಡ್ರಿ. ಬರೇ ಉಚ್ಚಿನ ಚಲೋ ಇತ್ತು.

ನಮ್ಮಾಕಿ ಬಾಗಲಾಗ ನಿಂತಿದ್ಲು. ಟಂಟಂ ನಿಲ್ಲೋಕಿಂತ ಮೊದಲ ಸೆರಗ ಮೂಗಿಗೆ ಹೋತು. ಬಿಳಿದು ಸೀದಾ ಒಳಗ ಓಡಿ ಹಾಸಿಗಿ ಏರಿತು. ಕೆಂಪಂದು ಕಸಬರಗಿ ನೋಡಿ ಅಂಗಳದಾಗ ನಿಂತಿತು, ಬಾಲ ಕಾಲಾಗ ಹಾಕ್ಕೊಂಡು.

"ಲಕ್ಕಲಕಟ್ಟಿಗೆ ಫೋನ್ ಹಚ್ಚಲೇನು?" ಅಂದ್ಲು ಆಕಿ.

ನಾ ದೋಸ್ತನ ಕಡೆ ನೋಡಿದೆ. ದೋಸ್ತ ಟಂಟಂದಾಗಿಂದ ಇಳಿದ.

"ವೈನಿ, ಅದರದೇನೂ ತಪ್ಪಿಲ್ರಿ. ಅದು ಕಲ್ಲಿನ ಮ್ಯಾಲೆ ಕುಂತಿತ್ತು, ಹೇಸಿಗ್ಯಾಗ ಕಾಲ ಇಡಲಿಲ್ಲ. ಎಳಕೊಂಡು ಬಂದು ಕೆಡವಿದಾಂವ ಈ ನಿಮ್ಮ ಯಜಮಾನ."

ನಮ್ಮಾಕಿ ನಾಯಿ ನೋಡಿದ್ಲು, ಹೊಸ್ತಲ ದಾಟಿರಲಿಲ್ಲ ಅದು. ನನ್ನ ಕಾಲ ನೋಡಿದ್ಲು, ಆಗಲೇ ರಂಗೋಲಿ ಮ್ಯಾಲೆ ಇದ್ವು.

"ನಾಯಿಗಿರೋ ನಾಚಿಕಿ ನಿಮಗಿಲ್ಲ. ಇವತ್ತಿಂದ ಅದು ಪಡಸಾಲ್ಯಾಗ. ನೀವು ಹಿತ್ತಲಕ್ಕ ನಡೀರಿ, ಆ ನಾತ ಹೋಗೂತನಕ ಒಳಗ ಬರಬ್ಯಾಡ್ರಿ."

ಹಿತ್ತಲದಾಗ ಸೋಡಾ ಪುಡಿ ಹಾಕಿ ನನ್ನ ತಿಕ್ಕಿದ್ಲು, ಹಂಡೆ ತಿಕ್ಕಿದಂಗ.

ಈಗ ಸುಳ್ಳು ಯಾವ್ದಂತ ಹೇಳ್ತೀನಿ. ನರಗುಂದ ಗುಡ್ಡ ಅಂದ್ಕೊಂಡ್ರೇನು? ಅದು ಖರೇ. ಕೆಂಪ ನಾಯಿ ಕಲ್ಲಿನ ಮ್ಯಾಲೆ ಕುಂತದ್ದು, ನಾ ಅದನ್ನ ಎಳದದ್ದು ಸುಳ್ಳು. ಎಲ್ಲಾರಕಿಂತ ಮೊದಲ ಆ ರಾಡ್ಯಾಗ ಹೋಗಿ ನಾಕೂ ಕಾಲ ಮ್ಯಾಲೆ ಮಾಡಿ ಉಳ್ಳಾಡಿದ್ದು ಅದ. ಕಲ್ಲಿನ ಕಥಿ ತೊಟ್ಟಿ ಹಂತ್ಯಾಕ ನಾ ಕಟ್ಟಿದ್ದು. "ನಮ್ಮಾಕಿ ಮುಂದ ಹಿಂಗ ಹೇಳಲೇ" ಅಂದ್ರ, "ನಾಯಿ ಸಲವಾಗಿ ಸುಳ್ಳು ಹೇಳಾಂವ ಅಲ್ಲ ನಾ" ಅಂತ ಆಗ ಮಾರಿ ತಿರುವಿದ್ದ ದೋಸ್ತ.