ವ್ಯಾಲೆಂಟೈನರ ಕೊನೆಯ ಸೂಚನೆ

ಮಣಿಪಾಲದಿಂದ ವಿದೇಶದ ಸಮ್ಮೇಳನಕ್ಕೆ ಹೊರಟ ಯಾವ ಡಾಕ್ಟರೂ ಟ್ರಾವೆಲ್ ಆಫೀಸಿನ ವ್ಯಾಲೆಂಟೈನರ ಪಾಠ ಕೇಳದೆ ವಿಮಾನ ಹತ್ತಿದ್ದಿಲ್ಲ. “ಪಾಸ್‌ಪೋರ್ಟು ಸೂಟ್‌ಕೇಸಿನಲ್ಲಿ ಇಡ್ಬೇಡಿ, ಆಮಂತ್ರಣ ಪತ್ರ ಕೈಯಲ್ಲಿರಲಿ, ಉಪ್ಪಿನಕಾಯಿ ಬಾಟ್ಲಿಯ ಬಾಯಿ ಗಟ್ಟಿ ಕಟ್ಟಿ, ಅಲ್ಲಿ ಭಯಂಕರ ಚಳಿ ಉಂಟು” ಎಂದು ಬೆರಳು ಮಡಚುತ್ತಾ ಹೇಳುವರು. “ನೀವು ಎಷ್ಟು ಸಲ ಹೋಗಿದ್ದೀರಿ ಮಾರಾಯ್ರೇ?” ಎಂದು ಡಾಕ್ಟರ್ ಪ್ರಭಾವತಿ ಕೆಣಕಿದರೆ, “ನಾನು ಹೋದರೆ ನಿಮಗೆ ಟಿಕೇಟು ಮಾಡುವುದು ಯಾರು?” ಎಂದು ನಗುವರು. ಲಂಡನ್ನಿಗೆ ಹೋಗುವವರಿಗೆ ಮಾತ್ರ ಕೊನೆಯಲ್ಲಿ ಒಂದು ಲಕೋಟೆ ಕೊಡುವರು. ಅದರ ಮೇಲೆ, ಹನ್ನೆರಡು ವರ್ಷದಿಂದ ಸುದ್ದಿಯಿಲ್ಲದ ಅವರ ತಮ್ಮ ಹೆರಾಲ್ಡನ ಹಳೆಯ ವಿಳಾಸ. “ಪುರುಸೊತ್ತಾದರೆ ವಿಚಾರಿಸಿ.” ಈ ಸಲ ಲಂಡನ್ನಿಗೆ ಹೋಗಿ ಬಂದ ಪ್ರಭಾವತಿಯವರೂ, “ಅಲ್ಲೀಗ ಬೇರೆಯವರಿದ್ದಾರೆ” ಎಂದು ಅದನ್ನು ತಂದುಕೊಟ್ಟರು. ವ್ಯಾಲೆಂಟೈನ್ ತಮ್ಮನಿಗೆ ಬರೆದಿದ್ದ ಒಳಗಿನ ಕಾಗದ ಬಿಡಿಸಿ, ಹಳೆಯ ತಾರೀಕು ಹೊಡೆದುಹಾಕಿ ಕೇಳಿದರು: “ಮುಂದಿನ ಸಮ್ಮೇಳನ ಯಾವಾಗ?”