ಹೊಟ್ಟೆಯ ಮೇಲಿನ ಚುಕ್ಕಿ

ಆಗ ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಟೀವಿಯ ಪಕ್ಕ ಮೀನಿನ ತೊಟ್ಟಿ ಇಲ್ಲದ ಮನೆಯೇ ಇರಲಿಲ್ಲ. ಫಿಲ್ಟರಿನ ಗುಳುಗುಳು ಸದ್ದು, ಪಾಚಿಯ ವಾಸನೆ, ಕದ್ದು ಹಾಕಿದ ಮಂಡಕ್ಕಿ ತಿಂದು ಸತ್ತ ಗೋಲ್ಡ್‌ಫಿಶ್ಶನ್ನು ಹಿತ್ತಲಲ್ಲಿ ಮಣ್ಣು ಮಾಡುವ ನಮ್ಮ ಶಾಸ್ತ್ರ, ಇದನ್ನೆಲ್ಲ ನಿಮ್ಮಲ್ಲೂ ಹಲವರು ಕಂಡಿರುತ್ತೀರಿ. ನಾನು ಹುಟ್ಟಾ ಅನುಮಾನದ ಹುಡುಗಿ. ಹಾಲಿಗೆ ನೀರು ಬಿದ್ದಿದೆ ಎಂದು ಹಾಲಿನವನ ಎದುರೇ ಹೇಳಿ ಅಮ್ಮನಿಂದ ಬೈಸಿಕೊಂಡವಳು. ನಾನು ಪೂರಾ ನಂಬುತ್ತಿದ್ದುದು ಒಬ್ಬನನ್ನೇ, ಹರಿಹರದ ಸಣ್ಣ ಮಾವನನ್ನು.

ಮಾವ ಅಮ್ಮನ ಕಿರಿಯ ತಮ್ಮ. ಬೇಸಿಗೆ ರಜೆಗೆ ಹರಿಹರಕ್ಕೆ ಹೋಗಿ ಬಸ್ಸಿಳಿದ ಕೂಡಲೇ, "ಕಣ್ಣು ಮುಚ್ಚು, ಕೈ ಚಾಚು" ಎನ್ನುತ್ತಿದ್ದ. ಅಂಗೈಗೆ ಹುಣಸೆ ಚಿಗಳಿಯೋ ಬಿಸಿ ಮೆಣಸಿನಕಾಯಿ ಬಜ್ಜಿಯೋ ಬೀಳುತ್ತಿತ್ತು. ಆ ವರ್ಷ ಬಿದ್ದದ್ದು ತಣ್ಣನೆಯ ನೀರಿನ ಚೀಲ. ಒಳಗೆ ಹೆಬ್ಬೆರಳುದ್ದದ, ಮೀಸೆ ಹೊತ್ತ, ಮೈತುಂಬ ಕಪ್ಪು ಚುಕ್ಕಿಯ ಮರಿ.

"ಕುಕೂ ಕ್ಯಾಟ್‌ಫಿಶ್. ಅಪರೂಪದ್ದು, ಅಸಲಿ!" ಎಂದ ಮಾವ.

ಸ್ಟೇಷನ್ ಹತ್ತಿರದ ಮನೆಯ ತಾರಸಿಯ ಮೇಲೆ ತೊಟ್ಟಿ ಕಟ್ಟಿ ಅವನು ಮೀನು ಮರಿ ಮಾಡಿಸುತ್ತಿದ್ದ. ನನ್ನ ಗೆಳತಿ ಶಬಾನಾಳ ಅಪ್ಪನಿಗೆ ದಾವಣಗೆರೆಯಲ್ಲಿ ಸಾಕುಮೀನಿನ ಅಂಗಡಿ ಇತ್ತು. ಕುಕೂ ಮರಿಗಳನ್ನು ಅಲ್ಲಿಗೇ ಕೊಡುವ ಮಾತಾಗಿತ್ತು. ಆ ಮಾತಿಗೆ ಜಾಮೀನು ನಾನು. "ನಮ್ಮ ಮಾವ ಸುಳ್ಳು ಹೇಳಲ್ಲ ಚಾಚಾ" ಎಂದು ಅಂಗಡಿಯಲ್ಲಿ ನಿಂತು ಹೇಳಿದ್ದೆ. "ಆತು ಬೇಟಿ, ನಿನ್ನ ಮಾತಿನ ಮ್ಯಾಲೆ ತಗೊಂತೀನಿ" ಎಂದು ಚಾಚಾ ನಕ್ಕಿದ್ದರು.

ಮರಿಯನ್ನು ಪರೀಕ್ಷೆ ಮಾಡುವುದನ್ನು ಶಬಾನಾ ಕಲಿಸಿದ್ದಳು. ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಬಿಟ್ಟು, ತಲೆಯ ಮೇಲೆ ಎತ್ತಿ ಹಿಡಿದು ಕೆಳಗಿಂದ ನೋಡಬೇಕು. "ಮ್ಯಾಲಿಂದ ನೋಡಿದ್ರೆ ಎಲ್ಲಾ ಚುಕ್ಕಿ ಮೀನೂ ಒಂದೇ. ಕುಕೂ ಹೊಟ್ಟಿ ಮ್ಯಾಲೆ ಒಂದು ಚುಕ್ಕಿನೂ ಇರಬಾರ್ದು. ಕಣ್ಣು ದೊಡ್ಡವು ಇರಬೇಕು, ಬಾಲದ ಅಂಚಿಗೆ ಬಿಳಿ ಗೆರೆ" ಎಂದಿದ್ದಳು. ಮಾವ ಕೊಟ್ಟ ಮರಿಗೆ ಮಾತ್ರ ನಾನು ಬಾಟಲಿ ಎತ್ತಲಿಲ್ಲ. ನೀರಿಂದ ತೆಗೆದರೆ ಅದು ಕಿರ್ರೆಂದು ಕೂಗುತ್ತಿತ್ತು. ಅದನ್ನು ಕೇಳಿಸಿಕೊಂಡೇ ನನಗೆ ಸ್ವರ್ಗ.

ಒಂದು ಮಧ್ಯಾಹ್ನ ನೀರು ಬದಲಿಸಲು ಮರಿಯನ್ನು ಬಾಟಲಿಗೆ ಬಿಟ್ಟು ತಾರಸಿಯ ಕಟ್ಟೆಯ ಮೇಲಿಟ್ಟೆ. ಕೆಳಗೆ ಕೂತು ತೊಟ್ಟಿ ತಿಕ್ಕುತ್ತ ತಲೆಯೆತ್ತಿದರೆ, ಬಿಸಿಲಿಗೆ ಅದರ ಹೊಟ್ಟೆ ಕಂಡಿತು. ಹೊಟ್ಟೆಯ ತುಂಬ ಚುಕ್ಕಿ.

ಅಂಗಡಿಗೆ ಹೋಗಬೇಕಿದ್ದ ಮರಿಗಳನ್ನೂ ಗಾಜಿನ ಲೋಟದಲ್ಲಿ ಮೊಗೆದು ಕೆಳಗಿಂದ ನೋಡಿದೆ. ಬಲೆ ಹಾಕಿದರೆ ಅವುಗಳ ಮುಳ್ಳು ಸಿಕ್ಕಿಕೊಳ್ಳುತ್ತದೆ. ಒಂದೇ ತೊಟ್ಟಿಯ ಮರಿಗಳಲ್ಲಿ ಒಂದಕ್ಕೆ ದುಂಡು ಚುಕ್ಕಿ, ಇನ್ನೊಂದಕ್ಕೆ ಮಸಿ ಚೆಲ್ಲಿದಂಥ ಕಲೆ, ಮತ್ತೊಂದಕ್ಕೆ ಗೀರು. ಮೂಲೆಯಲ್ಲಿ ಒಂದು ತೊಟ್ಟಿಗೆ ಒದ್ದೆ ಗೋಣಿ ಮುಚ್ಚಿತ್ತು. ಸರಿಸಿದೆ. ದೊಡ್ಡ ಕುಕೂ ಜೊತೆ, ಎತ್ತರದ ಬೆನ್ನುರೆಕ್ಕೆಯ ಬೂದು ಬಣ್ಣದ ಬೇರೆಯೇ ಜಾತಿಯ ಮೀನು ಈಜುತ್ತಿತ್ತು.

ಮಾವ ಮಂಡಕ್ಕಿ ತಟ್ಟೆ ಹಿಡಿದು ಮೇಲೆ ಬಂದ.

"ಮಾವ, ಇವು ಬೆರಕೆ."

"ಮರಿ ಇದ್ದಾಗ ಹಂಗೇ ಕಾಣ್ತಾವೆ. ಬೆಳೀತಾ ಹೊಟ್ಟಿ ಬೆಳ್ಳಗಾಗ್ತೈತೆ."

ನಾನು ಗೋಣಿಯ ಕಡೆ ಕೈ ತೋರಿಸಿದೆ. ಅವನು ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ನಗಲು ನೋಡಿದ. "ನಮ್ಮೂರ ದೇವ್ರೇ ಅರ್ಧ ಹರಿ, ಅರ್ಧ ಹರ. ಮೀನು ಬೆರಕಿ ಆದ್ರೆ ಏನಾತು?"

"ದೇವ್ರ ಹೆಸರಾಗೆ ಇಬ್ರೂ ಅದಾರೆ ಮಾವ. ನೀನು ಒಂದೇ ಹೆಸರು ಹೇಳಿ ಮಾರಾಕೆ ಹೊಂಟೀಯಲ್ಲ."

"ಹೇಳಬ್ಯಾಡವ್ವ. ಅವ್ರಿಗೆ ಹೆಂಗೆ ಗೊತ್ತಾಗ್ತೈತೆ?"

"ನಾನು ಹೇಳಿದ್ದಕ್ಕೆ ನಂಬ್ಯಾರೆ. ಶಬಾನಾ ಮುಂದೆ ನಾನು ಹೆಂಗೆ ನಿಂದ್ರಲಿ?" ಎನ್ನುವಷ್ಟರಲ್ಲಿ ಅಳು ಬಂದಿತ್ತು. ಮಾವ ತಟ್ಟೆ ಅಲ್ಲೇ ಬಿಟ್ಟು ಕೆಳಗಿಳಿದ.

ಮರುದಿನ ಇಬ್ಬರೂ ಬಸ್ಸಿನಲ್ಲಿ ದಾವಣಗೆರೆಗೆ ಹೋದೆವು. ಅಂಗಡಿಯಲ್ಲಿ ಮಾವ ಚೀಲಗಳನ್ನು ಇಟ್ಟು, ನೆಲ ನೋಡುತ್ತ, "ಇವು ಬೆರಕಿ ಅದಾವ್ರಿ. ಬೇಕಿದ್ರೆ ತಗೊಳ್ರಿ" ಎಂದ. ಚಾಚಾ ಒಂದು ಚೀಲ ಎತ್ತಿ ಕೆಳಗಿಂದ ನೋಡಿದರು. "ಬೆರಕಿ ಅಂತಾನೇ ಹೇಳಿ ಮಾರ್ತೀನಿ, ಇಡ್ರಿ" ಎಂದರು. ಶಬಾನಾ ನನ್ನ ಕೈ ಹಿಡಿದುಕೊಂಡಳು. ಗೆದ್ದೆ ಎಂದೇ ಅಂದು ಬೀಗಿದೆ.

ಈಗ ಓಣಿಯಲ್ಲಿ ತೊಟ್ಟಿಗಳಿಲ್ಲ, ಹರಿಹರದ ತಾರಸಿಯೂ ಬಯಲಾಗಿದೆ. ಮಾವನ ಅಕ್ಕರೆಗೇನೂ ಕಡಿಮೆಯಿಲ್ಲ. ಹೋದ ಯುಗಾದಿಗೆ ಸೀರೆ ತಂದಿದ್ದ. ಕೈಗೆ ಕೊಡುವ ಮೊದಲು ಮಡಿಕೆ ಪೂರಾ ಬಿಚ್ಚಿ, ತಿರುವಿ ಹಿಡಿದು, "ಒಳಗೂ ನೋಡ್ಕೊಳವ್ವ" ಎಂದ. ಮಾವಿನಹಣ್ಣು ತಂದರೂ ಹಾಗೆಯೇ, ಒಂದೊಂದನ್ನೂ ಮಗುಚಿ ತೋರಿಸಿಯೇ ಬುಟ್ಟಿಗೆ ಹಾಕುತ್ತಾನೆ. ಕಣ್ಣು ಮುಚ್ಚು, ಕೈ ಚಾಚು ಎಂದು ಮಾತ್ರ ಆ ಬೇಸಿಗೆಯ ನಂತರ ಒಮ್ಮೆಯೂ ಹೇಳಿಲ್ಲ.