ಬ್ಲೌಸ್ ಪೀಸಿನಂಥ ಓದು

ಸೀರೆ ವ್ಯಾಪಾರಿಯಾದ ನನ್ನ ಕಣ್ಣಲ್ಲಿ ನೋಡಿದರೆ ಅಕ್ಷತ ತೆಳು ನೂಲಿನ, ಗಟ್ಟಿ ಬಣ್ಣದ, ಮಡಿಸಿಟ್ಟಲ್ಲಿ ನಿಲ್ಲದ ಮಾಲು. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ಆದಿನಾರಾಯಣಪ್ಪನ ಮಗಳು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕಾಮರ್ಸ್ ಓದುತ್ತಾಳೆ. ಜೊತೆಗೆ ಮೈನರ್ ಎಂದು ನ್ಯೂರೋಸೈನ್ಸ್, ಅಂದರೆ ಮೆದುಳು, ನರಗಳ ಶಾಸ್ತ್ರ.

"ಮೈನರ್ ಅಂದ್ರೆ ಏನವ್ವಾ?" ಎಂದು ಅಪ್ಪ ಕೇಳಿದ್ದಕ್ಕೆ, "ಸೀರೆ ಜೊತೆ ಬ್ಲೌಸ್ ಪೀಸ್ ಬರಲ್ವಾ, ಹಂಗೆ ಕಣಪ್ಪಾ" ಎಂದಿದ್ದಳು.

"ಬರೀ ಬ್ಲೌಸ್ ಪೀಸ್‌ನ ಯಾರು ಕೊಳ್ತಾರೆ? ಸೋಮವಾರ ಅದನ್ನ ಬಿಟ್ಟು ಟ್ಯಾಕ್ಸ್ ತಗೋ."

ಅಂಥ ಗಟ್ಟಿ ಬಣ್ಣದ ಅಕ್ಷತಳ ಮುಖವೂ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು.

ಶನಿವಾರ ಅಪ್ಪ, ಮಗಳು ನಮ್ಮ ಅಂಗಡಿಗೆ ನೇಯ್ದ ಸೀರೆ ಕೊಡಲು ಬಂದಿದ್ದಾಗಲೇ ಗಿರಾಕಿ ಮುನಿವೆಂಕಟಮ್ಮ ಬಂದರು. ಮಗಳ ಬಳೆ ಶಾಸ್ತ್ರಕ್ಕೆಂದು ಹಿಂದಿನ ದಿನ ಒಯ್ದಿದ್ದ ಹಸಿರು ಸೀರೆಯನ್ನು ಹಾಸಿನ ಮೇಲೆ ಎಸೆದರು. ಅದು ಆದಿನಾರಾಯಣಪ್ಪನ ಮಗ್ಗದ್ದೇ.

"ಇಲ್ಲಿ ಗಿಣಿ ಹಸಿರು, ಮನೇಲಿ ಒಣಗಿದ ಸೊಪ್ಪು. ಸೀರೆ ಬದಲಾಯಿಸಿಬಿಟ್ಟಿದ್ದೀರ."

"ಬಣ್ಣ ಹಾಕಿದೋನೇ ಕೈಕೊಟ್ಟಿರ್ಬೇಕು," ಅಪ್ಪ ಗೊಣಗಿದ.

ಅಕ್ಷತಳಿಗೆ ಒಳಗೇ ಕಚಗುಳಿ ಶುರುವಾಯಿತು. "ಅಮ್ಮಾ, ನಿನ್ನೆ ಇದಕ್ಕೆ ಮುಂಚೆ ಏನು ತೋರಿಸಿದ್ರು?"

"ಕೆಂಪೇ. ಮದುವೆ ಅಂದ್ರೆ ಇವ್ರು ಮೊದ್ಲು ಕೆಂಪೇ ಗುಡ್ಡೆ ಹಾಕೋದು."

ಅವಳು ಕೆಂಪು ಸೀರೆಗಳನ್ನು ಮತ್ತೆ ಹಾಸಿದಳು. "ಕಣ್ಣು ಆಡಿಸ್ಬೇಡಿ, ಇದನ್ನೇ ನೋಡ್ತಿರಿ" ಎಂದು ತುದಿಗಾಲಲ್ಲಿ ಕುಣಿಯುತ್ತ ಕಾದು, ಹಸಿರನ್ನು ಫಟ್ಟನೆ ಬಿಡಿಸಿದಳು.

"ಇದೇ ಕಣಮ್ಮಾ ನಿನ್ನೆದು," ಎಂದರು ಮುನಿವೆಂಕಟಮ್ಮ.

ಬಿಳಿ ಪಂಚೆ ಹಾಸಿ, ಅವರ ಕಣ್ಣಿಗೆ ತುಸು ವಿಶ್ರಾಂತಿ ಕೊಟ್ಟು, ಅದೇ ಸೀರೆಯನ್ನು ಮತ್ತೆ ತೋರಿಸಿದಳು. ಒಣಗಿದ ಸೊಪ್ಪು.

"ಕೆಂಪು ನೋಡೀ ನೋಡೀ ಕಣ್ಣು ಸೋತಿರುತ್ತೆ. ಆಗ ಹಸಿರು ಕಂಡ್ರೆ ಮೆದುಳು ತಾನೂ ಒಂದು ಕೈ ಹಸಿರು ಬಳಿದು ಕೊಡುತ್ತೆ. ಯಾರೂ ಏನೂ ಬದಲಾಯಿಸಿಲ್ಲ."

ಮುನಿವೆಂಕಟಮ್ಮ ಸೆರಗು ಬಾಯಿಗಿಟ್ಟು ನಕ್ಕರು. "ಹಂಗಾದ್ರೆ ನೆಂಟ್ರಿಗೆಲ್ಲ ಕೆಂಪು ಜಮಖಾನ ನೋಡ್ಕೊಂಡು ಕೂತಿರಿ ಅಂತೀನಿ ಬಿಡು." ಸೀರೆ ಮತ್ತೆ ಅವರ ಚೀಲಕ್ಕೆ ಹೋಯಿತು.

ಇಷ್ಟು ವರ್ಷ ಬಣ್ಣದಲ್ಲೇ ಬದುಕಿದ ಆದಿನಾರಾಯಣಪ್ಪ ಕೆಂಪು ಗುಡ್ಡೆಯ ಮುಂದೆ ಕೂತ. ತಾನು ತಂದಿದ್ದ ಇನ್ನೊಂದು ಹಸಿರು ಸೀರೆ ಬಿಡಿಸಿ ನೋಡಿದ. ಯಾರೂ ನೋಡುತ್ತಿಲ್ಲವೆಂದುಕೊಂಡು ಇನ್ನೊಮ್ಮೆ ನೋಡಿದ.

"ಸೋಮವಾರ ಏನಪ್ಪಾ ಮಾಡ್ಲಿ?" ಅಕ್ಷತ ಕೇಳಿದಳು.

"ಬ್ಲೌಸ್ ಪೀಸ್ ಇಲ್ದೆ ಸೀರೆ ಯಾರು ಉಡ್ತಾರೆ," ಎಂದ ಅಪ್ಪ, ಸೀರೆಯಿಂದ ಕಣ್ಣೆತ್ತದೆ.

ಈಗ ನಮ್ಮಲ್ಲಿ ಕೆಂಪಿಗೂ ಹಸಿರಿಗೂ ನಡುವೆ ಬಿಳಿ ಪಂಚೆ ಹಾಸುತ್ತೇವೆ. ನನ್ನ ಅಂಗಡಿಗೆ ಮೋಸದ ಹೆಸರು ಬರದೆ ಉಳಿದದ್ದು ಅಕ್ಷತಳಿಂದ. ಆ ಋಣ ನನ್ನ ಮೇಲಿದೆ.